ಚರ್ಮದ ಗಂತಿಯನ್ನು ಬೆಳೆಸುವ ಕೋಶ ಯಾವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ರಕ್ತದ ಕ್ಯಾನ್ಸರಿನಲ್ಲಿ ಕಾಂಡಕೋಶಗಳ, ಅಂದರೆ ತಾವೂ ಉಳಿದು ಬೇರೆ ಕೋಶಗಳನ್ನೂ ಹುಟ್ಟಿಸುತ್ತಿರುವ ಸ್ಟೆಮ್ ಸೆಲ್‌ಗಳ, ಪಾತ್ರವೇನು ಎಂಬ ಪ್ರಶ್ನೆಗೆ ಕಳೆದ ಸಂಚಿಕೆಯಲ್ಲಿ ಉತ್ತರಿಸಿದ್ದೆ. ಅದನ್ನು ಓದಿದ ಹಲವರು ಚರ್ಮದ ಕ್ಯಾನ್ಸರಿನ ಬಗ್ಗೆ ಕೇಳಿ ಬರೆದಿದ್ದಾರೆ. ಒಂದಕ್ಕೊಂದು ಸಂಬಂಧವಿರುವ ಐದು ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಗಂತಿಯಲ್ಲಿ, ಅಂದರೆ ಕ್ಯಾನ್ಸರ್ ಗಡ್ಡೆಯಲ್ಲಿ, ಇರುವ ಕೋಟ್ಯಂತರ ಜೀವಕೋಶಗಳಲ್ಲಿ ಕೆಲವೇ ‘ಕ್ಯಾನ್ಸರ್ ಕಾಂಡಕೋಶ’ಗಳು ಗಂತಿಯನ್ನು ಬೆಳೆಸುತ್ತವೆ, ಉಳಿದವು ಅವುಗಳ ಸಂತತಿಯಷ್ಟೇ ಎಂದು ನಮ್ಮ ಪಠ್ಯದಲ್ಲಿದೆ. ಮನುಷ್ಯರ ಚರ್ಮದ ಕ್ಯಾನ್ಸರಿನಲ್ಲಿ ಇದು ಸಾಬೀತಾಗಿದೆಯೇ, ಅಥವಾ ಇಲಿಗಳಲ್ಲಿ ಕಂಡದ್ದನ್ನು ನಮಗೂ ಅನ್ವಯಿಸಿ ಹೇಳುತ್ತಿದ್ದಾರೆಯೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಚುಟುಕಾದ ಉತ್ತರ ಮೊದಲು. ಬೇಸಲ್ ಸೆಲ್ ಕಾರ್ಸಿನೋಮ ಮತ್ತು ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಎಂಬ ಎರಡು ಚರ್ಮದ ಕ್ಯಾನ್ಸರುಗಳಲ್ಲಿ ರೋಗಿಗಳ ಗಂತಿಯಿಂದಲೇ ತೆಗೆದ ಕೋಶಗಳ ಮೇಲೆ ನಡೆದ ಪ್ರಯೋಗಗಳು ಈ ಮಾತಿಗೆ ಒಳ್ಳೆಯ ಆಧಾರ ಕೊಟ್ಟಿವೆ. ಮೆಲನೋಮ ಎಂಬ ಇನ್ನೊಂದು ಚರ್ಮದ ಕ್ಯಾನ್ಸರಿನಲ್ಲಿ ಮಾತ್ರ ನಿಮ್ಮ ಪಠ್ಯದ ವಾಕ್ಯವನ್ನು ಇದ್ದಂತೆಯೇ ಒಪ್ಪಲಾಗದು. ಏಕೆಂದು ತಿಳಿಯಬೇಕಾದರೆ ಆ ಪ್ರಯೋಗಗಳನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಆರೋಗ್ಯವಂತ ಚರ್ಮದಲ್ಲಿ ಕಾಂಡಕೋಶಗಳಿರುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಹೊರಚರ್ಮದ ತಳಪದರದಲ್ಲಿ ಹುಟ್ಟಿದ ಕೋಶವು ಮೇಲೇರುತ್ತ, ಕೆರಾಟಿನ್ ತುಂಬಿಕೊಂಡು ಸತ್ತು, ಸುಮಾರು ಒಂದು ತಿಂಗಳಲ್ಲಿ ಹೊಟ್ಟಾಗಿ ಉದುರಿಹೋಗುತ್ತದೆ. ಉದುರಿದ್ದನ್ನು ಜೀವಮಾನವಿಡೀ ತುಂಬಿಕೊಡುವ ಕೋಶಗಳು ತಳಪದರದಲ್ಲಿಯೂ ರೋಮಕೂಪದ ಪಕ್ಕದ ಒಂದು ಸಣ್ಣ ಉಬ್ಬಿನಲ್ಲಿಯೂ ಉಳಿದಿರುತ್ತವೆ. ಬಿಸಿಲಿನ ನೇರಳಾತೀತ ಕಿರಣಗಳು ಡಿಎನ್‌ಎಗೆ ಮಾಡುವ ಹಾನಿಯ ವಿಚಾರದಲ್ಲಿ ಈ ವ್ಯತ್ಯಾಸ ಮುಖ್ಯವಾಗುತ್ತದೆ. ತಿಂಗಳೊಳಗೆ ಉದುರುವ ಕೋಶಕ್ಕೆ ಆದ ಹಾನಿ ಆ ಕೋಶದೊಂದಿಗೇ ಹೋಗುತ್ತದೆ. ವರ್ಷಗಟ್ಟಲೆ ಉಳಿಯುವ ಕೋಶಕ್ಕೆ ಆದ ಹಾನಿ ಒಂದರ ಮೇಲೊಂದು ಸೇರುತ್ತ ಹೋಗುತ್ತದೆ. ಆದ್ದರಿಂದ ಕ್ಯಾನ್ಸರ್ ಹುಟ್ಟುವುದು ಬಹುಮಟ್ಟಿಗೆ ಇಂಥ ದೀರ್ಘಾಯುಷಿ ಕೋಶಗಳಿಂದಲೇ ಎಂದು ಊಹಿಸುವುದು ಸಹಜ. ಆದರೆ ಕ್ಯಾನ್ಸರ್ ಯಾವ ಕೋಶದಿಂದ ಹುಟ್ಟಿತು ಎಂಬ ಪ್ರಶ್ನೆಯೇ ಬೇರೆ, ಬೆಳೆದು ನಿಂತ ಗಂತಿಯನ್ನು ಈಗ ಯಾವ ಕೋಶ ಬೆಳೆಸುತ್ತಿದೆ ಎಂಬ ಪ್ರಶ್ನೆಯೇ ಬೇರೆ. ‘ಕ್ಯಾನ್ಸರ್ ಕಾಂಡಕೋಶ’ ಎಂಬ ಹೆಸರು ಸಲ್ಲುವುದು ಎರಡನೆಯ ಪ್ರಶ್ನೆಗೆ ಸಿಗುವ ಉತ್ತರಕ್ಕೆ. ಪರೀಕ್ಷೆಗೆ ಬರೆಯುವಾಗ ಇವೆರಡನ್ನು ಬೆರೆಸಬೇಡಿ.

ಇನ್ನು ಪ್ರಯೋಗಕ್ಕೆ ಬರೋಣ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂತಿಯ ಚೂರನ್ನು ಅಂದೇ ಪ್ರಯೋಗಾಲಯಕ್ಕೆ ತಂದು, ಸಣ್ಣಗೆ ಹೆಚ್ಚಿ, ಕಿಣ್ವಗಳಲ್ಲಿ ನೆನೆಸಿ, ಕೋಶಗಳು ಒಂದೊಂದಾಗಿ ಬಿಡಿಯಾಗುವಂತೆ ಮಾಡುತ್ತಾರೆ. ಪ್ರತಿ ಕೋಶದ ಮೈಮೇಲೆ ನೂರಾರು ಬಗೆಯ ಪ್ರೋಟೀನುಗಳಿರುತ್ತವೆ. ಅವುಗಳಲ್ಲಿ ತಮಗೆ ಬೇಕಾದ ಒಂದನ್ನು ಮಾತ್ರ ಹಿಡಿದುಕೊಳ್ಳುವ, ಹೊಳೆಯುವ ಬಣ್ಣ ಹಚ್ಚಿದ ಪ್ರತಿಕಾಯವನ್ನು ಸೇರಿಸುತ್ತಾರೆ. ಬಳಿಕ ಕೋಶಗಳನ್ನು ಸಾಲಾಗಿ ಲೇಸರ್ ಕಿರಣದ ಮುಂದೆ ಹರಿಸಿ, ಹೊಳೆದವನ್ನು ಒಂದು ನಳಿಕೆಗೂ ಹೊಳೆಯದವನ್ನು ಮತ್ತೊಂದಕ್ಕೂ ಯಂತ್ರವೇ ಬೇರ್ಪಡಿಸುತ್ತದೆ. ಕೊನೆಗೆ ಈ ಎರಡು ಗುಂಪುಗಳನ್ನು ರೋಗನಿರೋಧಕ ಶಕ್ತಿ ಕುಂದಿರುವ ಇಲಿಗಳ ಚರ್ಮದಡಿ ಚುಚ್ಚಿ, ಯಾವುದರಿಂದ ಮೂಲ ಗಂತಿಯನ್ನೇ ಹೋಲುವ ಗಂತಿ ಬೆಳೆಯುತ್ತದೆ ಎಂದು ವಾರಗಟ್ಟಲೆ ಕಾಯುತ್ತಾರೆ. ಟೊರಾಂಟೊದ ಜಾನ್ ಡಿಕ್ ಮತ್ತು ಸಂಗಡಿಗರು 1994ರಲ್ಲಿ ರಕ್ತದ ಕ್ಯಾನ್ಸರಿನಲ್ಲಿ ಈ ದಾರಿಯನ್ನು ತೋರಿಸಿದರು; ಚರ್ಮದ ಗಂತಿಗಳಲ್ಲಿ ಆಮೇಲೆ ನಡೆದದ್ದು ಇದೇ ಕ್ರಮದ ಮುಂದುವರಿಕೆ.

ಬೇಸಲ್ ಸೆಲ್ ಕಾರ್ಸಿನೋಮದ ಮೇಲೆ 2013ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕರು ಪ್ರಕಟಿಸಿದ ಕೆಲಸವನ್ನು ನೀವು ಹುಡುಕಿ ಓದಬೇಕು. ಸೂಕ್ಷ್ಮದರ್ಶಕದಡಿ ಈ ಗಂತಿಯ ಕೋಶಗಳೆಲ್ಲ ಒಂದೇ ಅಚ್ಚಿನವೆಂಬಂತೆ ಕಾಣುತ್ತವೆ. ಆದರೆ ಅವುಗಳಲ್ಲಿ ಸಿಡಿ200 ಎಂಬ ಪ್ರೋಟೀನನ್ನು ಹೊತ್ತ, ನೂರರಲ್ಲಿ ಒಂದೆರಡರಷ್ಟೇ ಇರುವ ಕೋಶಗಳು ಗಂತಿಯ ಹೊರ ಅಂಚಿನಲ್ಲಿ ಪುಟ್ಟ ಗುಂಪುಗಳಾಗಿ ಕುಳಿತಿರುವುದನ್ನು ಅವರು ಕಂಡರು. ವಿಂಗಡಿಸದ ಕೋಶಗಳನ್ನು ಇಲಿಗೆ ಚುಚ್ಚಿದಾಗ ಗಂತಿ ಹುಟ್ಟಿಸಬಲ್ಲ ಕೋಶ ಸುಮಾರು 15 ಲಕ್ಷಕ್ಕೆ ಒಂದರ ಲೆಕ್ಕದಲ್ಲಿತ್ತು. ಸಿಡಿ200 ಇರುವವನ್ನೇ ಆರಿಸಿ ಚುಚ್ಚಿದಾಗ 10,000 ಕೋಶಗಳಿಂದಲೇ ಗಂತಿ ಬೆಳೆಯಿತು, ಅದರ ಒಳರಚನೆಯೂ ರೋಗಿಯ ಗಂತಿಯಂತೆಯೇ ಇತ್ತು. ಸಿಡಿ200 ಇಲ್ಲದ ಗುಂಪಿನಿಂದ ಗಂತಿ ಬೆಳೆಯಲೇ ಇಲ್ಲ. ಇದಕ್ಕೆ ಒಂದು ವರ್ಷ ಹಿಂದೆ ಮನುಷ್ಯರ ಸ್ಕ್ವೇಮಸ್ ಸೆಲ್ ಕಾರ್ಸಿನೋಮದಲ್ಲಿಯೂ ಸಿಡಿ133 ಎಂಬ ಇನ್ನೊಂದು ಗುರುತನ್ನು ಹಿಡಿದು ಇಂಥದೇ ಫಲಿತಾಂಶ ಬಂದಿತ್ತು. ಇವು ಗಟ್ಟಿಯಾದ ಕೆಲಸಗಳು. ಆದರೂ ಒಂದು ಸಂಗತಿಯನ್ನು ಗಮನಿಸಿ: ಆರಿಸಿ ತೆಗೆದ ಗುಂಪಿನಲ್ಲಿಯೂ ಸಾವಿರಾರು ಕೋಶಗಳು ಬೇಕಾದವು. ಅಂದರೆ ಸಿಡಿ200 ಹೊತ್ತ ಕೋಶವೆಲ್ಲ ಕಾಂಡಕೋಶವೇ ಆಗಿರಬೇಕಾಗಿಲ್ಲ. ಅಥವಾ ಇಲಿಯ ದೇಹದಲ್ಲಿ ಬದುಕಿ ಬೇರೂರುವ ಕಷ್ಟದಲ್ಲಿಯೇ ಬಹುಪಾಲು ಕೋಶಗಳು ಸತ್ತಿರಬಹುದು. ಈ ಎರಡನೆಯ ಸಾಧ್ಯತೆಯೇ ಮೆಲನೋಮದ ವಿಚಾರದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು.

ಮೆಲನೋಮ ಎಂಬುದು ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳ ಕ್ಯಾನ್ಸರ್. ಬಾಸ್ಟನ್ನಿನ ತಂಡವೊಂದು 2008ರ ಆರಂಭದಲ್ಲಿ, ಎಬಿಸಿಬಿ5 ಎಂಬ ಪ್ರೋಟೀನ್ ಇರುವ ಕೋಶಗಳು ಮೆಲನೋಮವನ್ನು ಬೆಳೆಸುತ್ತವೆ, ವಿಂಗಡಿಸದಿದ್ದರೆ ಅಂಥ ಶಕ್ತಿಯುಳ್ಳ ಕೋಶ ಸುಮಾರು ಹತ್ತು ಲಕ್ಷಕ್ಕೆ ಒಂದು ಎಂದು ವರದಿ ಮಾಡಿತು. ಅದೇ ವರ್ಷದ ಕೊನೆಗೆ ಮಿಷಿಗನ್ ವಿಶ್ವವಿದ್ಯಾಲಯದ ಶಾನ್ ಮಾರಿಸನ್ ಅವರ ತಂಡ ಬೇರೆಯದೇ ಚಿತ್ರವನ್ನು ಮುಂದಿಟ್ಟಿತು. ಅವರು ಪ್ರಯೋಗದ ಕ್ರಮವನ್ನೇ ಬದಲಿಸಿದ್ದರು. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ‘ನ್ಯಾಚುರಲ್ ಕಿಲ್ಲರ್’ ಕೋಶಗಳೂ ಇಲ್ಲದ ಇಲಿಗಳನ್ನು ತೆಗೆದುಕೊಂಡರು. ಕೋಶಗಳನ್ನು ಪೋಷಕ ಜೆಲ್ಲಿನಲ್ಲಿ ಬೆರೆಸಿ ಚುಚ್ಚಿದರು. ಗಂತಿ ಕಾಣಿಸಿಕೊಳ್ಳಲು ಹೆಚ್ಚು ತಿಂಗಳು ಕಾದರು. ಹನ್ನೆರಡು ರೋಗಿಗಳ ಮೆಲನೋಮದಲ್ಲಿ, ಯಾವ ಗುರುತನ್ನೂ ನೋಡಿ ಆರಿಸದೆ ತೆಗೆದ ಕೋಶಗಳಲ್ಲಿ ಸರಿಸುಮಾರು ನಾಲ್ಕಕ್ಕೆ ಒಂದು ಗಂತಿಯಾಗಿ ಬೆಳೆಯಿತು. ಒಂದು ಸಲಕ್ಕೆ ಒಂದೇ ಒಂದು ಕೋಶವನ್ನು ಚುಚ್ಚಿದಾಗಲೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇತ್ತು. ಮೊಳೆಯದ ಬೀಜವನ್ನೆಲ್ಲ ಜೊಳ್ಳು ಎನ್ನುವ ಮೊದಲು ಹೊಲದ ಹದವನ್ನು ನೋಡಬೇಕಲ್ಲವೇ? ಹತ್ತು ಲಕ್ಷಕ್ಕೆ ಒಂದು ಎಂಬ ಅಂಕಿಯಲ್ಲಿ ಕೋಶದ ಗುಣಕ್ಕಿಂತ ಪ್ರಯೋಗದ ಇಲಿಯ ಗುಣವೇ ಹೆಚ್ಚು ಪ್ರತಿಫಲಿಸಿತ್ತು.

ಚರ್ಚೆ ಅಲ್ಲಿಗೇ ಮುಗಿಯಲಿಲ್ಲ. ಸ್ಟ್ಯಾನ್‌ಫರ್ಡಿನ ತಂಡವೊಂದು 2010ರಲ್ಲಿ ಸಿಡಿ271 ಎಂಬ ಗುರುತನ್ನು ಮುಂದಿಟ್ಟು ಕಾಂಡಕೋಶದ ವಾದವನ್ನು ಮತ್ತೆ ಎತ್ತಿತು. ಮಾರಿಸನ್ ಅವರ ತಂಡ ಅದೇ ವರ್ಷ ಹತ್ತಾರು ಗುರುತುಗಳನ್ನು ಪರೀಕ್ಷಿಸಿ, ಗಂತಿ ಬೆಳೆಸುವ ಕೋಶವನ್ನು ಬೆಳೆಸದ ಕೋಶದಿಂದ ಬೇರ್ಪಡಿಸುವ ಗುರುತು ತಮಗೆ ಸಿಗಲಿಲ್ಲ ಎಂದಿತು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದೇ 2010ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಿಂದ ಬಂದ ಸಂಶೋಧನೆ. ಮೆಲನೋಮದೊಳಗೆ ಜರಿಡ್1ಬಿ ಎಂಬ ಪ್ರೋಟೀನ್ ಹೆಚ್ಚಾಗಿರುವ, ಬಹಳ ನಿಧಾನವಾಗಿ ವಿಭಜನೆಯಾಗುವ ಕೋಶಗಳ ಒಂದು ಸಣ್ಣ ಗುಂಪಿದೆ. ಗಂತಿಯ ಬೆಳವಣಿಗೆ ಮುಂದುವರಿಯಬೇಕಾದರೆ ಆ ಗುಂಪು ಬೇಕು. ಆದರೆ ಆ ಪ್ರೋಟೀನ್ ಇಲ್ಲದ ಕೋಶವೂ ಸಂದರ್ಭ ಬಂದಾಗ ಅದನ್ನು ತಯಾರಿಸಿಕೊಂಡು ಆ ಗುಂಪಿಗೆ ಸೇರಿಬಿಡುತ್ತದೆ. ಹಾಗಿದ್ದ ಮೇಲೆ ಕ್ಯಾನ್ಸರ್ ಕಾಂಡಕೋಶವನ್ನು ಹುಟ್ಟಿನಿಂದ ಸಾವಿನವರೆಗೆ ಬದಲಾಗದ ಒಂದು ಜಾತಿ ಎಂದು ಭಾವಿಸುವುದಕ್ಕಿಂತ, ಕೋಶವೊಂದು ತಾಳಬಹುದಾದ ಮತ್ತು ಬಿಡಬಹುದಾದ ಸ್ಥಿತಿ ಎಂದು ಭಾವಿಸುವುದು ಸರಿಯಾದೀತು. ಚರ್ಮದ ಕ್ಯಾನ್ಸರುಗಳ ಮಟ್ಟಿಗೆ ನನ್ನ ತಿಳಿವಳಿಕೆ ಇದು, ಮುಂದಿನ ಉತ್ತರಗಳನ್ನೂ ಇದೇ ಆಧಾರದ ಮೇಲೆ ಬರೆದಿದ್ದೇನೆ. ಪಠ್ಯದ ವಾಕ್ಯವನ್ನು ಬರೆದು ಅದರ ಪಕ್ಕದಲ್ಲಿ ಮೆಲನೋಮದ ಈ ಪ್ರಯೋಗವನ್ನೂ ಬರೆದರೆ ಯಾವ ಪರೀಕ್ಷಕರೂ ಅಂಕ ಕಳೆಯಲಾರರು.

ಪ್ರಶ್ನೆ: ನಮ್ಮ ತಂದೆಯವರಿಗೆ 74 ವರ್ಷ. ಮೂಗಿನ ಪಕ್ಕ ಬಹಳ ವರ್ಷಗಳಿಂದ ಇದ್ದ ಗಂಟು ಬೇಸಲ್ ಸೆಲ್ ಕಾರ್ಸಿನೋಮ ಎಂದು ಬಯಾಪ್ಸಿಯಲ್ಲಿ ಬಂತು. ಕಣ್ಣಿನತ್ತ ಹರಡಿದ್ದರಿಂದ ಮೊದಲು ವಿಸ್ಮೊಡೆಗಿಬ್ ಮಾತ್ರೆ ಕೊಟ್ಟರು. ಗಂಟು ಬಹುತೇಕ ಕರಗಿತು. ಮಾತ್ರೆ ನಿಲ್ಲಿಸಿದ ಕೆಲವು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಬಂದಿದೆ. ಈಗ ಶಸ್ತ್ರಚಿಕಿತ್ಸೆ ಮಾಡಿಸಿ ಎನ್ನುತ್ತಾರೆ. ಬೇರು ಒಳಗೇ ಉಳಿದಿದೆಯೇ? ಕತ್ತಿ ತಾಗಿಸಿದರೆ ಕ್ಯಾನ್ಸರ್ ಕೆರಳುತ್ತದೆ ಎಂದು ನೆಂಟರು ಹೆದರಿಸುತ್ತಿದ್ದಾರೆ.
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ನಿಮ್ಮ ತಂದೆಯವರಿಗೆ ಆದದ್ದು ಅಪರೂಪವೇನಲ್ಲ, ಮಾತ್ರೆ ಕೊಟ್ಟದ್ದೂ ತಪ್ಪಲ್ಲ. ಬೇಸಲ್ ಸೆಲ್ ಕಾರ್ಸಿನೋಮದ ಬಹುತೇಕ ಗಂತಿಗಳಲ್ಲಿ ಕೋಶಕ್ಕೆ ವಿಭಜನೆಯಾಗು ಎಂದು ಹೇಳುವ ಹೆಜ್‌ಹಾಗ್ ಎಂಬ ಸಂದೇಶಮಾರ್ಗ ನಿಲ್ಲದೆ ಚಾಲೂ ಇರುತ್ತದೆ. ಆರೋಗ್ಯವಂತ ಕೋಶದಲ್ಲಿ ಅದಕ್ಕೆ ಲಗಾಮು ಹಾಕುವ ಪಿಟಿಸಿಎಚ್1 ಎಂಬ ಜೀನ್ ಈ ಗಂತಿಯಲ್ಲಿ ಕೆಟ್ಟಿರುತ್ತದೆ. ಇದು 1996ರಿಂದಲೇ ತಿಳಿದಿದೆ. ಲಗಾಮು ತಪ್ಪಿದಾಗ ಮುನ್ನುಗ್ಗುವ ಸ್ಮೂದೆಂಡ್ ಎಂಬ ಪ್ರೋಟೀನನ್ನು ತಡೆಯಲೆಂದೇ ವಿಸ್ಮೊಡೆಗಿಬ್ ತಯಾರಾಯಿತು. ಅಮೆರಿಕದಲ್ಲಿ 2012ರ ಜನವರಿಯಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಶಸ್ತ್ರಚಿಕಿತ್ಸೆಯಿಂದ ಮುಖ ವಿಕಾರವಾಗುವಂಥ, ಅಥವಾ ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲದ ಗಂತಿಗಳಲ್ಲಿ ಇದರ ಉಪಕಾರ ದೊಡ್ಡದು. ಸ್ನಾಯು ಹಿಡಿತ, ನಾಲಿಗೆಯ ರುಚಿ ಕೆಡುವುದು, ಕೂದಲು ಉದುರುವುದು ಇದರ ಸಾಮಾನ್ಯ ಅಡ್ಡಪರಿಣಾಮಗಳು; ಹಲವರು ಇವನ್ನು ತಾಳಲಾರದೆಯೇ ಮಾತ್ರೆ ನಿಲ್ಲಿಸುತ್ತಾರೆ.

ಮಾತ್ರೆಯಿಂದ ಗಂತಿ ಕಣ್ಣಿಗೆ ಕಾಣದಷ್ಟು ಕರಗಿದರೂ ಕೆಲವು ಕೋಶಗಳು ಏಕೆ ಉಳಿಯುತ್ತವೆ ಎಂಬುದಕ್ಕೆ 2018ರಲ್ಲಿ ಒಂದೇ ಹೊತ್ತಿಗೆ ಎರಡು ತಂಡಗಳಿಂದ ಉತ್ತರ ಬಂತು. ಒಂದು ಅಮೆರಿಕದ ಜೆನೆನ್‌ಟೆಕ್ ಕಂಪನಿಯ ವಿಜ್ಞಾನಿಗಳದು, ಇನ್ನೊಂದು ಬ್ರಸೆಲ್ಸ್‌ನ ಸೆಡ್ರಿಕ್ ಬ್ಲಾನ್‌ಪೆನ್ ಅವರದು. ಔಷಧದ ಹೊಡೆತಕ್ಕೆ ಸಿಕ್ಕ ಬಹುಪಾಲು ಕೋಶಗಳು ಬಲಿತು, ವಿಭಜನೆ ನಿಲ್ಲಿಸಿ ಕಳೆದುಹೋಗುತ್ತವೆ. ಅಲ್ಪಸಂಖ್ಯೆಯ ಕೋಶಗಳು ಮಾತ್ರ ರೋಮಕೂಪದ ಕೋಶಗಳಂತಿದ್ದ ತಮ್ಮ ಸ್ವರೂಪವನ್ನು ಬಿಟ್ಟು, ಸಾಮಾನ್ಯ ಹೊರಚರ್ಮದ ಕಾಂಡಕೋಶವನ್ನು ಹೋಲುವ ಸ್ವರೂಪವನ್ನು ತಾಳುತ್ತವೆ. ವಿಂಟ್ ಎಂಬ ಬೇರೆ ಸಂದೇಶಮಾರ್ಗವನ್ನು ಹಿಡಿದು, ನಿಧಾನವಾಗಿ ವಿಭಜನೆಯಾಗುತ್ತ ಕಾಲ ತಳ್ಳುತ್ತವೆ. ಔಷಧ ನಿಂತ ಕೂಡಲೇ ಹಳೆಯ ಸ್ವರೂಪಕ್ಕೆ ಮರಳಿ ಗಂತಿಯನ್ನು ಮತ್ತೆ ಕಟ್ಟುತ್ತವೆ. ಮಾತ್ರೆ ತೆಗೆದುಕೊಂಡ ರೋಗಿಗಳ ಚರ್ಮದ ಮಾದರಿಗಳಲ್ಲಿಯೂ ಈ ಬದಲಾವಣೆಯ ಕುರುಹು ಕಂಡಿತು. ಹೊಸ ಜೀನ್ ದೋಷದಿಂದಲೇ ಔಷಧ ವಿಫಲವಾಗುತ್ತದೆ ಎಂಬುದು ಎಲ್ಲ ಪ್ರಕರಣಗಳಿಗೂ ಹೊಂದುವ ವಿವರಣೆಯಲ್ಲ ಎಂದು ಇದರಿಂದ ತಿಳಿಯಿತು: ಇಲ್ಲಿ ಡಿಎನ್‌ಎಯಲ್ಲಿ ಹೊಸತೇನೂ ಆಗಬೇಕಾಗಿಲ್ಲ, ಕೋಶ ತನ್ನ ಪಾತ್ರವನ್ನು ಬದಲಿಸಿದರೆ ಸಾಕು. ಇಲಿಗಳಲ್ಲಿ ಎರಡೂ ಮಾರ್ಗಗಳನ್ನು ಒಟ್ಟಿಗೆ ತಡೆದಾಗ ಉಳಿಕೆ ಬಹಳ ಕಡಿಮೆಯಾಯಿತು. ಆದರೆ ವಿಂಟ್ ಮಾರ್ಗ ಕರುಳಿನ ಮತ್ತು ಮೂಳೆಯ ಆರೋಗ್ಯಕ್ಕೂ ಬೇಕಾದದ್ದರಿಂದ ಅದನ್ನು ಮನುಷ್ಯರಲ್ಲಿ ತಡೆಯುವುದು ಸಲೀಸಲ್ಲ.

ಹೀಗಾಗಿ ಮಾತ್ರೆಯಿಂದ ಕುಗ್ಗಿ ಮತ್ತೆ ಬೆಳೆದ ಗಂತಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಎಂದು ನಿಮ್ಮ ವೈದ್ಯರು ಹೇಳುತ್ತಿರುವುದರಲ್ಲಿ ಅರ್ಥವಿದೆ. ಬೆಳೆಸುವ ಕೋಶಗಳು ಗಂತಿಯ ಹೊರ ಅಂಚಿನಲ್ಲಿರುತ್ತವೆ ಎಂದು ಮೊದಲ ಉತ್ತರದಲ್ಲಿ ಹೇಳಿದ್ದೆ. ಆದ್ದರಿಂದ ಶಸ್ತ್ರಚಿಕಿತ್ಸೆಯಲ್ಲಿ ನೋಡಬೇಕಾದದ್ದು ಎಷ್ಟು ತೆಗೆದರು ಎಂಬುದಕ್ಕಿಂತಲೂ ಅಂಚು ಶುದ್ಧವಾಗಿ ಬಂತೇ ಎಂಬುದನ್ನು. ಮೂಗು, ಕಣ್ಣುರೆಪ್ಪೆ, ಕಿವಿಯಂಥ ಕಡೆ ಮೋಸ್ ಎಂಬ ವಿಧಾನವಿದೆ. ಗಂತಿಯನ್ನು ತೆಳುವಾದ ಪದರವಾಗಿ ತೆಗೆದು, ಅದರ ಅಂಚು ಮತ್ತು ತಳವನ್ನು ಪೂರ್ತಿಯಾಗಿ ಅಲ್ಲಿಯೇ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಕ್ಯಾನ್ಸರ್ ಕಂಡ ಮೂಲೆಯಲ್ಲಿ ಮಾತ್ರ ಇನ್ನೊಂದು ಪದರ ತೆಗೆಯುತ್ತಾರೆ; ರೋಗಿ ಎಚ್ಚರವಾಗಿಯೇ ಇರುತ್ತಾರೆ. ಈ ಸೌಲಭ್ಯ ಎಲ್ಲ ಊರುಗಳಲ್ಲಿ ಇಲ್ಲ. ಅದು ಸಿಗದಿದ್ದರೆ ಸಾಮಾನ್ಯ ಶಸ್ತ್ರಚಿಕಿತ್ಸೆಯ ನಂತರ ಬರುವ ಪೆಥಾಲಜಿ ವರದಿಯಲ್ಲಿ ಅಂಚುಗಳ ಬಗ್ಗೆ ಏನು ಬರೆದಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ಮಾತ್ರೆಯಿಂದ ಕುಗ್ಗಿದ ಗಂತಿ ಅಲ್ಲಲ್ಲಿ ಚೂರುಗಳಾಗಿ ಉಳಿದಿರಬಹುದಾದ್ದರಿಂದ, ಮಾತ್ರೆ ಶುರುಮಾಡುವ ಮೊದಲು ಗಂತಿ ಎಷ್ಟು ಅಗಲವಿತ್ತು ಎಂದು ತೋರಿಸುವ ಹಳೆಯ ಫೋಟೊ ಮನೆಯಲ್ಲಿದ್ದರೆ ಅದನ್ನು ಸರ್ಜನ್ ಅವರಿಗೆ ಅವಶ್ಯವಾಗಿ ಕೊಡಿ.

ಕತ್ತಿ ತಾಗಿದರೆ ಕೆರಳುತ್ತದೆ ಎಂಬ ಭಯವನ್ನು ಬಿಟ್ಟುಬಿಡಿ. ಬೇಸಲ್ ಸೆಲ್ ಕಾರ್ಸಿನೋಮ ದೂರದ ಅಂಗಗಳಿಗೆ ಹರಡುವುದು ತೀರ ಅಪರೂಪ; ಅದು ಕೆಡಿಸುವುದು ಅಕ್ಕಪಕ್ಕದ ಚರ್ಮ, ಮೃದ್ವಸ್ಥಿ, ಮೂಳೆಯನ್ನು, ಅದೂ ನಾವು ತಡಮಾಡಿದಷ್ಟೂ ಹೆಚ್ಚಾಗಿ. ನೆಂಟರ ಮಾತಿಗೆ ಹೆದರಿ ಕಳೆಯುವ ಒಂದೊಂದು ತಿಂಗಳೂ ನಿಮ್ಮ ತಂದೆಯವರ ಕಣ್ಣಿಗೆ ಅಪಾಯ ತರುತ್ತದೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಚಿಕ್ಕವರಿದ್ದಾಗ ಒಲೆಯ ಬೆಂಕಿ ತಗುಲಿ ಕಾಲು ಸುಟ್ಟಿತ್ತು. ನಲವತ್ತು ವರ್ಷ ಸುಮ್ಮನಿದ್ದ ಆ ಕಲೆಯ ಮೇಲೆ ಈಗ ಹುಣ್ಣಾಗಿ, ಏನು ಹಚ್ಚಿದರೂ ಮಾಯುತ್ತಿಲ್ಲ. ಹಳೆಯ ಗಾಯವೂ ಕ್ಯಾನ್ಸರ್ ಆಗುತ್ತದೆಯೇ? ನಮ್ಮ ಕಡೆ ಕೆಲವು ಹಳ್ಳಿಗಳಲ್ಲಿ ನೀರಿನಿಂದಲೂ ಚರ್ಮದ ಕ್ಯಾನ್ಸರ್ ಬರುತ್ತದೆ ಎನ್ನುತ್ತಾರೆ, ಅದು ನಿಜವೇ?
(ಓದುಗರೊಬ್ಬರು, ಯಾದಗಿರಿ ಜಿಲ್ಲೆ)

ಉತ್ತರ: ಮೊದಲು ಮಾಡಬೇಕಾದ ಕೆಲಸ: ಈ ವಾರವೇ ಅವರನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದು ಹುಣ್ಣಿನ ಬಯಾಪ್ಸಿ ಮಾಡಿಸಿ. ಹಳೆಯ ಸುಟ್ಟ ಕಲೆಯ ಮೇಲೆ ಏಳುವ, ವಾರಗಟ್ಟಲೆ ಮಾಯದ ಹುಣ್ಣನ್ನು ಬೇರೆ ಏನೋ ಎಂದು ಸಾಬೀತಾಗುವ ತನಕ ಕ್ಯಾನ್ಸರ್ ಎಂದೇ ಶಂಕಿಸಬೇಕು. ಮಾರ್ಜೊಲಿನ್ ಹುಣ್ಣು ಎಂದು ವೈದ್ಯರು ಕರೆಯುವುದು ಇದನ್ನೇ. ಸುಟ್ಟು ದಶಕಗಳು ಕಳೆದ ಮೇಲೆ ಹೀಗಾಗುವುದು ಅದರ ಸ್ವಭಾವ, ಮತ್ತು ಹೆಚ್ಚಿನವು ಸ್ಕ್ವೇಮಸ್ ಸೆಲ್ ಕಾರ್ಸಿನೋಮಗಳು. ಅಂಚು ದಪ್ಪಗಾಗಿ ಹೊರಮಡಚಿದ್ದರೆ, ಮುಟ್ಟಿದರೆ ರಕ್ತ ಬರುತ್ತಿದ್ದರೆ, ವಾಸನೆಯಿದ್ದರೆ, ತೊಡೆಸಂದಿಯಲ್ಲಿ ಗಂಟು ಸಿಗುತ್ತಿದ್ದರೆ ವೈದ್ಯರಿಗೆ ಅದನ್ನು ಹೇಳಲು ಮರೆಯಬೇಡಿ. ಚೂರನ್ನು ಹುಣ್ಣಿನ ನಡುವಿನಿಂದ ಮಾತ್ರ ತೆಗೆದರೆ ಅಲ್ಲಿ ಸತ್ತ ಊತಕವೇ ಸಿಕ್ಕಿ ಕ್ಯಾನ್ಸರ್ ಇಲ್ಲವೆಂದು ತಪ್ಪು ವರದಿ ಬರಬಹುದು. ಅಂಚನ್ನೂ ಸೇರಿಸಿ ತೆಗೆಯುವುದು ವಾಡಿಕೆ.

ಅಂಚಿನ ಮಹತ್ವವನ್ನು ಇತ್ತೀಚಿನ ಸಂಶೋಧನೆಯೂ ಬೇರೆ ದಾರಿಯಿಂದ ತೋರಿಸಿದೆ. ಸ್ಟ್ಯಾನ್‌ಫರ್ಡಿನ ಪಾಲ್ ಖವಾರಿ ಅವರ ತಂಡ 2020ರಲ್ಲಿ ಹತ್ತು ರೋಗಿಗಳ ಸ್ಕ್ವೇಮಸ್ ಸೆಲ್ ಕಾರ್ಸಿನೋಮವನ್ನು, ಅದೇ ರೋಗಿಗಳ ಆರೋಗ್ಯವಂತ ಚರ್ಮದೊಂದಿಗೆ ಹೋಲಿಸಿ, ಒಂದೊಂದೇ ಕೋಶದ ಜೀನ್ ಚಟುವಟಿಕೆಯನ್ನು ಓದಿತು. ಗಂತಿಯ ಹೆಚ್ಚಿನ ಕೋಶಗಳು ಆರೋಗ್ಯವಂತ ಚರ್ಮದ ಮೂರು ಹಂತಗಳನ್ನು, ಅಂದರೆ ತಳಪದರದ, ವಿಭಜನೆಯಾಗುತ್ತಿರುವ ಮತ್ತು ಬಲಿಯುತ್ತಿರುವ ಕೋಶಗಳನ್ನೇ ಹೋಲುತ್ತಿದ್ದವು. ಇವುಗಳ ಜೊತೆಗೆ ಆರೋಗ್ಯವಂತ ಚರ್ಮದಲ್ಲಿ ಇಲ್ಲದ ನಾಲ್ಕನೆಯ ಬಗೆಯೊಂದು ಇತ್ತು. ಅವು ಗಂತಿ ಒಳಚರ್ಮಕ್ಕೆ ನುಗ್ಗುವ ಅಂಚಿನಲ್ಲಿ, ರಕ್ತನಾಳಗಳು ಮತ್ತು ನಾರುಕೋಶಗಳ ನಡುವೆ ನೆಲೆಸಿ, ಅವುಗಳೊಡನೆ ಸಂದೇಶಗಳನ್ನು ಹಂಚಿಕೊಳ್ಳುತ್ತಿದ್ದವು. ಇವನ್ನು ಕಾಂಡಕೋಶ ಎಂದು ಆ ತಂಡ ಹೆಸರಿಸಲಿಲ್ಲ, ಆ ಎಚ್ಚರ ನನಗೆ ಮೆಚ್ಚುಗೆಯಾಯಿತು. ಗಂತಿಯ ಬೆಳವಣಿಗೆಗೆ ಕೋಶದ ನೆರೆಹೊರೆ ಎಷ್ಟು ಮುಖ್ಯ ಎಂಬುದು ಇದರಿಂದ ಸ್ಪಷ್ಟವಾಯಿತು. ಸುಟ್ಟ ಕಲೆಯಲ್ಲಿ ಆ ನೆರೆಹೊರೆಯೇ ಕೆಟ್ಟಿರುತ್ತದೆ: ರಕ್ತಸಂಚಾರ ಕಡಿಮೆ, ನಾರು ಹೆಚ್ಚು, ಪದೇ ಪದೇ ಬಿರಿದು ಮಾಯುವುದರಿಂದ ತಳಪದರದ ಕೋಶಗಳಿಗೆ ಬಿಡುವಿಲ್ಲದ ವಿಭಜನೆ.

ಜೀನ್ ದೋಷ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಆಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯವರು 2015ರಲ್ಲಿ ನಾಲ್ವರ ಕಣ್ಣುರೆಪ್ಪೆಯ ಆರೋಗ್ಯವಂತ ಚರ್ಮವನ್ನು ಪರೀಕ್ಷಿಸಿದಾಗ, ಕಾಲುಭಾಗದಷ್ಟು ಕೋಶಗಳಲ್ಲಿ ಕ್ಯಾನ್ಸರಿಗೆ ದಾರಿ ಮಾಡುವಂಥ ಜೀನ್ ದೋಷ ಆಗಲೇ ಇತ್ತು. ಆದರೂ ಆ ಚರ್ಮ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ನೀರಿನ ವಿಚಾರ ನಿಜ. ನಿಮ್ಮದೇ ಜಿಲ್ಲೆಯ, ಹಳೆಯ ಚಿನ್ನದ ಗಣಿಯ ಪ್ರದೇಶಕ್ಕೆ ಸೇರಿದ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರಿಗೆ ಚರ್ಮದ ತೊಂದರೆಗಳೂ ಕ್ಯಾನ್ಸರೂ ಬಂದದ್ದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಅಂಗೈ ಅಂಗಾಲುಗಳಲ್ಲಿ ಆಣಿಯಂತೆ ಗಟ್ಟಿಯಾದ ಗಂಟುಗಳು, ಮೈಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆಗಳು ಇದರ ಮೊದಲ ಲಕ್ಷಣ. ನೀರನ್ನು ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ಕೇಳಿ.

ಪ್ರಶ್ನೆ: ಬ್ಯೂಟಿ ಪಾರ್ಲರಿನಲ್ಲಿ ‘ಸ್ಟೆಮ್ ಸೆಲ್’ ಕ್ರೀಮ್ ಎಂದು ಮುಖಕ್ಕೆ ಹಚ್ಚುತ್ತಾರೆ. ಇದರಿಂದ ಚರ್ಮದೊಳಗಿನ ಕ್ಯಾನ್ಸರ್ ಕಾಂಡಕೋಶಗಳು ಎಚ್ಚರಗೊಳ್ಳುವುದಿಲ್ಲವೇ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಆರೋಗ್ಯವಂತ ಚರ್ಮದಲ್ಲಿ ಮಲಗಿರುವ ಕ್ಯಾನ್ಸರ್ ಕಾಂಡಕೋಶಗಳೆಂಬುವು ಇರುವುದಿಲ್ಲ, ಅಲ್ಲಿರುವುದು ಚರ್ಮವನ್ನು ಕಾಪಾಡುವ ಸಾಮಾನ್ಯ ಕಾಂಡಕೋಶಗಳು. ಡಬ್ಬಿಯಲ್ಲಿ ಬರುವ ಕ್ರೀಮಿನಲ್ಲಿ ಜೀವಂತ ಕಾಂಡಕೋಶ ಇರಲು ಸಾಧ್ಯವಿಲ್ಲ. ಹೆಚ್ಚಿನವುಗಳಲ್ಲಿರುವುದು ಸೇಬು ಮುಂತಾದ ಸಸ್ಯಗಳ ಕೋಶಗಳಿಂದ ತೆಗೆದ ಸಾರ. ಕ್ರೀಮಿಗಿಂತ ನನಗೆ ಆತಂಕವಾಗುವುದು ಚುಚ್ಚುಮದ್ದಿನ ರೂಪದಲ್ಲಿ ಮಾರುವ ‘ಸ್ಟೆಮ್ ಸೆಲ್ ಚಿಕಿತ್ಸೆ’ಗಳ ಬಗ್ಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕಾಯಿಲೆಗಳಿಗಾಗಿ ಮಾಡುವ ರಕ್ತಜನಕ ಕಾಂಡಕೋಶಗಳ ಕಸಿಯನ್ನು ಬಿಟ್ಟು ಉಳಿದವುಗಳನ್ನು ಅನುಮತಿ ಪಡೆದ ಸಂಶೋಧನೆಯ ಚೌಕಟ್ಟಿನೊಳಗೆ ಮಾತ್ರ ಮಾಡಬಹುದು. ಹಣ ಪಡೆದು ಅಂಥ ಚುಚ್ಚುಮದ್ದು ಕೊಡುತ್ತೇವೆ ಎನ್ನುವವರಿಂದ ದೂರವಿರಿ.

ಪ್ರಶ್ನೆ: ನಾವು ಹನ್ನೆರಡು ವರ್ಷಗಳಿಂದ ಬ್ರಿಸ್ಬೇನ್‌ನಲ್ಲಿದ್ದೇವೆ. ಇಲ್ಲಿ ಮೆಲನೋಮ ಬಹಳ. ಸಹೋದ್ಯೋಗಿಯೊಬ್ಬರಿಗೆ ಮಾತ್ರೆಗಳಿಂದ ಪೂರ್ತಿ ಗುಣವಾಯಿತು ಎಂದುಕೊಂಡಿದ್ದು ವರ್ಷದೊಳಗೆ ಮರಳಿತು. ಕಂದು ಮೈಬಣ್ಣದ ನಾವೂ ಹೆದರಬೇಕೇ? ಕ್ಯಾನ್ಸರ್ ಕಾಂಡಕೋಶಗಳನ್ನೇ ಕೊಲ್ಲುವ ಔಷಧ ಬಂದಿಲ್ಲವೇ?
(ಓದುಗರೊಬ್ಬರು, ಆಸ್ಟ್ರೇಲಿಯ)

ಉತ್ತರ: ಮೆಲನೋಮ ಅತಿ ಹೆಚ್ಚು ಕಂಡುಬರುವ ಪ್ರದೇಶಗಳಲ್ಲಿ ಕ್ವೀನ್ಸ್‌ಲ್ಯಾಂಡ್ ಒಂದು, ಅದಕ್ಕೆ ಮುಖ್ಯ ಕಾರಣ ತೆಳು ಮೈಬಣ್ಣದ ಜನರ ಮೇಲೆ ಬೀಳುವ ಅಲ್ಲಿನ ಪ್ರಖರ ಬಿಸಿಲು. ನಮ್ಮ ಚರ್ಮದ ಮೆಲನಿನ್ ಆ ಬಗೆಯ ಮೆಲನೋಮದಿಂದ ನಮಗೆ ಸಾಕಷ್ಟು ರಕ್ಷಣೆ ಕೊಡುತ್ತದೆ. ಆದರೆ ಅಂಗಾಲು, ಅಂಗೈ ಮತ್ತು ಉಗುರಿನಡಿ ಬರುವ ಮೆಲನೋಮಕ್ಕೆ ಬಿಸಿಲಿನೊಂದಿಗೆ ಅಂಥ ನಂಟಿಲ್ಲ, ಕಂದು ಮೈಬಣ್ಣದವರಲ್ಲಿ ಬರುವ ಮೆಲನೋಮಗಳಲ್ಲಿ ಇದರ ಪಾಲು ದೊಡ್ಡದು. ಮಚ್ಚೆಯೋ ಪೆಟ್ಟಿನ ಗುರುತೋ ಇರಬೇಕು ಎಂದು ಬಿಡುವುದರಿಂದ ನಮ್ಮವರಲ್ಲಿ ಇದು ತಡವಾಗಿ ಪತ್ತೆಯಾಗುತ್ತದೆ. ಹೆದರುವ ಬದಲು ಸ್ನಾನವಾದ ಮೇಲೆ ಆಗಾಗ ಅಂಗಾಲನ್ನೂ ಬೆರಳಸಂದಿಗಳನ್ನೂ ನೋಡಿಕೊಳ್ಳಿ.

ನಿಮ್ಮ ಸಹೋದ್ಯೋಗಿ ತೆಗೆದುಕೊಂಡದ್ದು ಬಹುಶಃ ಬಿರಾಫ್ ಎಂಬ ಪ್ರೋಟೀನನ್ನು ತಡೆಯುವ ಮಾತ್ರೆಗಳಿರಬೇಕು. ಅವು ಗಂತಿಯನ್ನು ಬೆರಗಾಗುವಷ್ಟು ಬೇಗ ಕುಗ್ಗಿಸುತ್ತವೆ, ಆದರೆ ಹಲವರಲ್ಲಿ ರೋಗ ಮರಳುತ್ತದೆ. ಬೆಲ್ಜಿಯಂನ ಲ್ಯೂವೆನ್ ನಗರದ ಜಾನ್ ಕ್ರಿಸ್ತೋಫ್ ಮರೀನ್ ಅವರ ತಂಡ 2018ರಲ್ಲಿ, ರೋಗಿಗಳ ಮೆಲನೋಮವನ್ನು ಇಲಿಗಳಲ್ಲಿ ಬೆಳೆಸಿ, ಮಾತ್ರೆಯ ನಂತರ ಉಳಿಯುವ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಉಳಿದವು ಒಂದೇ ಬಗೆಯವಾಗಿರಲಿಲ್ಲ. ನಾಲ್ಕು ಬೇರೆ ಬೇರೆ ಸ್ಥಿತಿಗಳಲ್ಲಿದ್ದವು. ಅವುಗಳಲ್ಲಿ ಒಂದು, ಭ್ರೂಣದಲ್ಲಿ ಮೆಲನೊಸೈಟ್‌ಗಳ ಮೂಲವಾದ ನ್ಯೂರಲ್ ಕ್ರೆಸ್ಟ್ ಕಾಂಡಕೋಶಗಳನ್ನು ಹೋಲುವ ಸ್ಥಿತಿ. ಆ ಸ್ಥಿತಿಗೆ ಹೋಗುವುದನ್ನು ಇನ್ನೊಂದು ಔಷಧದಿಂದ ತಡೆದಾಗ ಇಲಿಗಳಲ್ಲಿ ರೋಗ ಮರಳುವುದು ತಡವಾಯಿತು.

ಕಾಂಡಕೋಶವನ್ನೇ ಕೊಲ್ಲುವ ಔಷಧ ಎಂಬ ಗುರಿಯ ತೊಡಕು ಇದರಲ್ಲಿಯೇ ಇದೆ. ಕೋಶ ಆ ಸ್ಥಿತಿಯನ್ನು ಬಿಟ್ಟು ಬೇರೆಯದಕ್ಕೆ ಹೋಗಬಲ್ಲುದಾದರೆ, ಇಂದು ಆ ಸ್ಥಿತಿಯಲ್ಲಿರುವವನ್ನೆಲ್ಲ ಕೊಂದರೂ ನಾಳೆ ಉಳಿದವುಗಳಲ್ಲಿ ಕೆಲವು ಅಲ್ಲಿಗೆ ಬಂದು ಸೇರುತ್ತವೆ. ಆದ್ದರಿಂದ ಸ್ಥಿತಿ ಬದಲಾಗುವ ದಾರಿಯನ್ನೇ ಮುಚ್ಚುವ ಪ್ರಯತ್ನದಲ್ಲಿ ನನಗೆ ಹೆಚ್ಚು ಭರವಸೆಯಿದೆ. ಸದ್ಯಕ್ಕೆ ಮೆಲನೋಮದಲ್ಲಿ ದೀರ್ಘಕಾಲದ ಗುಣ ಕಂಡಿರುವುದು ಪೆಂಬ್ರೊಲಿಜುಮಾಬ್, ನಿವೊಲುಮಾಬ್‌ನಂಥ ಇಮ್ಯುನೊಥೆರಪಿಗಳಿಂದ. ಅವು ಒಂದು ಬಗೆಯ ಕೋಶಕ್ಕೆ ಗುರಿಯಿಡುವ ಬದಲು ದೇಹದ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳ ಮೇಲಿನ ತಡೆಯನ್ನು ತೆಗೆಯುತ್ತವೆ. ಎಲ್ಲ ರೋಗಿಗಳಿಗೂ ಒಗ್ಗುವುದಿಲ್ಲ, ಅಂಗಾಲಿನ ಮೆಲನೋಮದಲ್ಲಿ ಅವುಗಳ ಫಲ ಸ್ವಲ್ಪ ಕಡಿಮೆಯೇ. ಆದರೂ ನಿಮ್ಮ ಸಹೋದ್ಯೋಗಿ ಇನ್ನೂ ಅದನ್ನು ತೆಗೆದುಕೊಂಡಿಲ್ಲವಾದರೆ ಅವರ ವೈದ್ಯರನ್ನು ಅದರ ಬಗ್ಗೆ ಕೇಳಲು ತಡಮಾಡಬಾರದು. ನಿಮ್ಮ ಮಟ್ಟಿಗೆ, ಹೆಬ್ಬೆರಳಿನ ಉಗುರಿನಲ್ಲಿ ಉದ್ದಕ್ಕೆ ಕಪ್ಪು ಗೆರೆ ಹೊಸದಾಗಿ ಮೂಡಿ ಅಗಲವಾಗುತ್ತಿದ್ದರೆ, ಅಥವಾ ಆ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹರಡಿದ್ದರೆ, ಪೆಟ್ಟಾದ ನೆನಪಿದ್ದರೂ ಚರ್ಮರೋಗ ತಜ್ಞರಿಗೆ ತೋರಿಸಿ.